ಸೀಳಿನ ಲೆಕ್ಕ: ಗೆಲಿಲಿಯೋನಿಂದ ಗಣಕಯಂತ್ರದವರೆಗೆ

ಸೌದೆ ಒಡೆಯುವವನನ್ನು ನೀವು ನೋಡಿರಬಹುದು. ದಿಮ್ಮಿಯನ್ನು ಅಡ್ಡಲಾಗಿ ಕಡಿಯಬೇಕಾದರೆ ಆತ ಬೆವರು ಸುರಿಸುತ್ತಾನೆ. ಅದೇ ದಿಮ್ಮಿಯನ್ನು ನಿಲ್ಲಿಸಿ ಎಳೆಯ ಜಾಡು ಹಿಡಿದು ಒಂದು ಬೆಣೆ ಕೂರಿಸಿದನೆಂದರೆ ಎರಡೇ ಏಟಿಗೆ ಅದು ಇಬ್ಭಾಗವಾಗಿ ಬೀಳುತ್ತದೆ. ಮರ ಒಂದೇ, ಕೈಯೂ ಒಂದೇ. ಆದರೂ ಒಂದು ದಿಕ್ಕಿನಲ್ಲಿ ಅದು ಕಬ್ಬಿಣದಂತೆ ಎದುರಿಸುತ್ತದೆ, ಇನ್ನೊಂದು ದಿಕ್ಕಿನಲ್ಲಿ ಹಪ್ಪಳದಂತೆ ಬಿಟ್ಟುಕೊಡುತ್ತದೆ. ಎಳೆಯ ಉದ್ದಕ್ಕೆ ಹಿಡಿದೆಳೆದಾಗ ಮರ ತೋರುವ ಬಲವನ್ನೂ, ಎಳೆಗೆ ಅಡ್ಡವಾಗಿ ಎಳೆದಾಗ ತೋರುವ ಬಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎರಡನೆಯದು ಮೊದಲನೆಯದರ ಮೂವತ್ತರಲ್ಲಿ ಒಂದು ಪಾಲಿನ ಆಸುಪಾಸು ಇರುತ್ತದೆ.

ಸೌದೆಗೆ ಇದು ಅನುಕೂಲ. ಮನೆ ಕಟ್ಟುವವನಿಗೆ ಇದೇ ತಲೆನೋವು. ಏಕೆಂದರೆ ಎರಡು ಮರಗಳನ್ನು ಕೂಡಿಸಬೇಕಾದಲ್ಲೆಲ್ಲ ನಾವು ಅವಕ್ಕೆ ರಂಧ್ರ ಕೊರೆಯುತ್ತೇವೆ, ಕಚ್ಚು ತೆಗೆಯುತ್ತೇವೆ, ಗೂಟ ಬಡಿಯುತ್ತೇವೆ, ಬೋಲ್ಟು ಹಾಕುತ್ತೇವೆ. ಅಂದರೆ ಗೊತ್ತಿದ್ದೂ ಗೊತ್ತಿದ್ದೂ ಬೆಣೆ ಕೂರಿಸುವ ಕೆಲಸವನ್ನೇ ಮಾಡುತ್ತೇವೆ. ಬಡಗಿಗೆ ಈ ಅಪಾಯ ಚೆನ್ನಾಗಿ ತಿಳಿದಿತ್ತು. ಹಲಗೆಯ ತುದಿಗೆ ಮೊಳೆ ಹೊಡೆಯುವ ಮುನ್ನ ಆತ ಮೊಳೆಯ ಚೂಪನ್ನು ಸುತ್ತಿಗೆಯಿಂದ ತಟ್ಟಿ ಮೊಂಡು ಮಾಡುವುದನ್ನು ನಾನು ಚಿಕ್ಕವನಿದ್ದಾಗ ನೋಡಿ, ಇವನಿಗೆ ಬುದ್ಧಿಯಿಲ್ಲವೇ ಎಂದುಕೊಂಡದ್ದುಂಟು. ಬುದ್ಧಿಯಿಲ್ಲದಿದ್ದುದು ನನಗೆ. ಚೂಪು ಮೊಳೆ ಎಳೆಗಳನ್ನು ಪಕ್ಕಕ್ಕೆ ಸರಿಸಿ ಸೀಳುತ್ತದೆ. ಮೊಂಡು ಮೊಳೆ ಎಳೆಗಳನ್ನು ಜಜ್ಜಿಕೊಂಡು ಒಳಗೆ ಹೋಗುತ್ತದೆ. ನಮ್ಮ ಅಜ್ಜಿಯರ ಒನಕೆಯ ತುದಿಗೆ ಕಬ್ಬಿಣದ ಅಣಸು ಹಾಕಿಸುತ್ತಿದ್ದುದೂ ಇದೇ ಭಯದಿಂದ.

ಇಷ್ಟು ಹಳೆಯ ಭಯಕ್ಕೆ ಲೆಕ್ಕ ಸಿಕ್ಕಿದ್ದು ಮಾತ್ರ ತೀರ ಇತ್ತೀಚೆಗೆ. ಮರದ ಕೀಲು ಎಷ್ಟು ಭಾರಕ್ಕೆ, ಯಾವ ಜಾಗದಲ್ಲಿ, ಯಾವ ದಾರಿ ಹಿಡಿದು ಸೀಳುತ್ತದೆ ಎಂಬುದನ್ನು ಗಣಕಯಂತ್ರದಲ್ಲಿ ಮುಂಚಿತವಾಗಿ ಕಂಡುಕೊಳ್ಳುವ ವಿದ್ಯೆಗೆ ಸುಮಾರು ನಾಲ್ವತ್ತು ವರ್ಷದ ವಯಸ್ಸು. ಆ ವಿದ್ಯೆಯ ಹಿಂದೆ ನಾನ್ನೂರು ವರ್ಷಗಳ ಕಥೆಯಿದೆ. ಅದರಲ್ಲಿ ಕೆಲವು ಘಟ್ಟಗಳನ್ನಷ್ಟೇ ನಿಮ್ಮ ಮುಂದಿಡುತ್ತೇನೆ.

ಕಥೆಯ ಆರಂಭ ವೆನಿಸ್ ನಗರದ ಹಡಗುಕಟ್ಟೆಯಲ್ಲಿ. ಗೆಲಿಲಿಯೋ ಗೆಲಿಲಿ ತನ್ನ ಕೊನೆಯ ಗ್ರಂಥವನ್ನು, ಎರಡು ಹೊಸ ವಿಜ್ಞಾನಗಳನ್ನು ಕುರಿತ ಸಂಭಾಷಣೆಗಳನ್ನು, 1638ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚು ಹಾಕಿಸಿದಾಗ ಆತನಿಗೆ ಎಪ್ಪತ್ತು ದಾಟಿತ್ತು. ಫ್ಲಾರೆನ್ಸಿನ ಹೊರವಲಯದ ಆರ್ಚೆಟ್ರಿಯಲ್ಲಿ ಗೃಹಬಂಧನ ಬೇರೆ.  ಗ್ರಂಥ ತೆರೆದುಕೊಳ್ಳುವುದೇ ಹಡಗುಕಟ್ಟೆಯ ಕುಶಲಕರ್ಮಿಗಳ ಒಂದು ಪ್ರಶ್ನೆಯಿಂದ: ಸಣ್ಣ ಹಡಗನ್ನು ನೀರಿಗಿಳಿಸುವಾಗ ಬೇಕಾಗದ ಊರೆಗಳೆಲ್ಲ ದೊಡ್ಡ ಹಡಗಿಗೆ ಏಕೆ ಬೇಕು? ಆಕಾರ ಅದೇ, ಮರ ಅದೇ, ಅಳತೆ ಮಾತ್ರ ದೊಡ್ಡದು. ದೊಡ್ಡದು ತನ್ನ ಭಾರಕ್ಕೆ ತಾನೇ ಮುರಿದೀತೆಂಬ ಭಯ ಏಕೆ?

ಮುಂದೆ ಅದೇ ಗ್ರಂಥದಲ್ಲಿ ಒಂದು ಚಿತ್ರವಿದೆ. ಪಾಳುಗೋಡೆಯೊಳಗೆ ಹುಗಿದ ಮರದ ತೊಲೆ, ಹೊರಚಾಚಿದ ತುದಿಗೆ ಕೊಕ್ಕೆ, ಕೊಕ್ಕೆಗೆ ಕಲ್ಲು. ಎಷ್ಟು ಕಲ್ಲಿಗೆ ತೊಲೆ ಮುರಿದೀತು? ಗೆಲಿಲಿಯೋನ ಉತ್ತರದಲ್ಲಿ ಒಂದು ನಿಜ, ಒಂದು ತಪ್ಪು. ತೊಲೆಯ ಎತ್ತರ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ ಎಂದದ್ದು ನಿಜ. ತೊಲೆಯ ಕೆಳ ಅಂಚು ತಿರುಗಣಿಯಂತೆ ನಿಂತು, ಮೇಲಿನ ಎಳೆಗಳೆಲ್ಲ ಸಮಸಮವಾಗಿ ಎಳೆಯುತ್ತವೆ ಎಂದೆಣಿಸಿದ್ದು ತಪ್ಪು. ಮೇಲಿನವು ಎಳೆಯುತ್ತವೆ, ಕೆಳಗಿನವು ಒತ್ತಿಕೊಳ್ಳುತ್ತವೆ, ನಡುವಿನವು ಸುಮ್ಮನಿರುತ್ತವೆ. ಹಾಗೆ ಲೆಕ್ಕ ಹಾಕಿದರೆ ತೊಲೆಯ ಬಲ ಗೆಲಿಲಿಯೋ ಹೇಳಿದುದರ ಮೂರರಲ್ಲಿ ಒಂದು ಪಾಲು ಮಾತ್ರ. ತಪ್ಪನ್ನು ತಿದ್ದಲು ಒಂದು ಶತಮಾನವೇ ಹಿಡಿಯಿತು. ಆದರೆ ಪ್ರಶ್ನೆ ಸರಿಯಾಗಿತ್ತು. ಹಡಗುಕಟ್ಟೆಯವರ ಆ ಮೊದಲನೆಯ ಸಂಶಯವನ್ನು, ಅಂದರೆ ದೊಡ್ಡದು ಸಣ್ಣದಕ್ಕಿಂತ ಏಕೆ ಅಧೈರ್ಯ ಎಂಬುದನ್ನು, ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಬ್ಯುಫನ್ ಎಂಬ ಪ್ರಭು, ಪ್ರಾಣಿಶಾಸ್ತ್ರದಲ್ಲಿ ಹೆಸರಾದವನು, ತನ್ನ ಮೋಂಬಾರ್ ಪ್ರಾಂತದ ಕಾಡಿನ ಓಕ್ ಮರಗಳನ್ನು ಕಡಿಸಿ, ನಿಜವಾದ ಮನೆಗೆ ಹಾಕುವಷ್ಟು ದೊಡ್ಡ ತೊಲೆಗಳನ್ನೇ ಭಾರ ಹೇರಿ ಮುರಿದು ನೋಡಿದ. 1740ರ ಸುಮಾರಿಗೆ ಪ್ಯಾರಿಸಿನ ವಿಜ್ಞಾನ ಅಕಾಡೆಮಿಗೆ ವರದಿ ಮಾಡಿದ. ಕೈಬೆರಳಿನಷ್ಟು ಗಾತ್ರದ ತುಂಡುಗಳನ್ನು ಮುರಿದು ಬಂದ ಲೆಕ್ಕ ದೊಡ್ಡ ತೊಲೆಗಳಿಗೆ ಹೊಂದುವುದಿಲ್ಲವೆಂದು ಆತ ಕಂಡುಕೊಂಡ. ಭಾರ ಬಹುಕಾಲ ಕೂತರೆ ಮರ ಕಡಿಮೆ ಭಾರಕ್ಕೇ ಸೋಲುತ್ತದೆಂಬುದನ್ನೂ ಕಂಡ. ಎರಡು ಶತಮಾನಗಳ ಮೇಲೆ, 1951ರಲ್ಲಿ, ಅಮೆರಿಕದ ಮ್ಯಾಡಿಸನ್ನಿನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯ ಇದಕ್ಕೆ ಅಂಕಿ ಕೊಟ್ಟಿತು: ಹತ್ತು ವರ್ಷ ಹೊರಬೇಕಾದ ಭಾರ, ಕೆಲವು ನಿಮಿಷ ಹೊರಬಲ್ಲ ಭಾರದ ನೂರಕ್ಕೆ 60ರಷ್ಟು ಮಾತ್ರ.

ಇಲ್ಲಿಯವರೆಗೆ ಎಲ್ಲರೂ ಕೇಳುತ್ತಿದ್ದುದು ಬಲದ ಪ್ರಶ್ನೆಯನ್ನು. ಬಿರುಕಿನ ಪ್ರಶ್ನೆ ಬೇರೆ. ಅದನ್ನು ಕೇಳಿದವರು ಮರದ ಕೆಲಸದವರಲ್ಲ.

ಕೇಂಬ್ರಿಜ್ಜಿನ ಚಾರ್ಲ್ಸ್ ಇಂಗ್ಲಿಸ್ 1913ರಲ್ಲಿ ಹಡಗಿನ ತಗಡುಗಳ ವಿಚಾರವಾಗಿ ಒಂದು ಲೆಕ್ಕ ಮಂಡಿಸಿದರು. ತಗಡಿನಲ್ಲಿ ಮೊಟ್ಟೆಯಾಕಾರದ ತೂತಿದ್ದರೆ, ಅದರ ತುದಿಯಲ್ಲಿ ಬಲ ದಟ್ಟೈಸಿಕೊಳ್ಳುತ್ತದೆ. ತೂತು ಕಿರಿದಾಗಿ ಉದ್ದವಾದಷ್ಟೂ ದಟ್ಟಣೆ ಹೆಚ್ಚು. ಚದರ ಅಂಗುಲಕ್ಕೆ ಇಷ್ಟೆಂದು ಎಣಿಸುವ ಈ ಬಲಕ್ಕೆ ಶಾಸ್ತ್ರಗ್ರಂಥಗಳಲ್ಲಿ ಪೀಡನವೆಂದು ಹೆಸರು. ಸರಿ, ತೂತನ್ನು ಒತ್ತುತ್ತ ಒತ್ತುತ್ತ ಕೂದಲಿನಂತಹ ಬಿರುಕು ಮಾಡಿದರೆ? ಪೀಡನ ಅನಂತವಾಗುತ್ತದೆ ಎಂದಿತು ಲೆಕ್ಕ. ಹಾಗಾದರೆ ಗೀರು ಬಿದ್ದ ವಸ್ತುವೆಲ್ಲ ಮುಟ್ಟಿದೊಡನೆ ಮುರಿಯಬೇಕಿತ್ತು! ನಮ್ಮ ಮನೆಗಳ ಕಂಬಗಳಲ್ಲಿ ಬಿಸಿಲಿಗೆ ಬಿಟ್ಟ ಬಿರುಕುಗಳೆಷ್ಟು! ಅವು ತಲೆಮಾರುಗಳಿಂದ ನಿಂತಿವೆ.

ಒಗಟನ್ನು ಬಿಡಿಸಿದವರು ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಸ್ಥೆಯ ಆಲನ್ ಗ್ರಿಫಿತ್. ಈತನನ್ನು ಗೆಳೆಯರು ಸೋಪುಗುಳ್ಳೆ ಗ್ರಿಫಿತ್ ಎಂದು ಹಾಸ್ಯ ಮಾಡುತ್ತಿದ್ದರಂತೆ. ಕಾರಣವಿತ್ತು. ವಿಮಾನದ ಭಾಗಗಳು ತಿರುಚಿದಾಗ ಒಳಗೆ ಹುಟ್ಟುವ ಪೀಡನವನ್ನು ಕೈಯಿಂದ ಲೆಕ್ಕ ಹಾಕುವುದು ಕಠಿಣವಾದ್ದರಿಂದ, ಆತ ಜೆಫ್ರಿ ಟೇಲರರ ಜೊತೆ ಸೇರಿ, ಅದೇ ಆಕಾರದ ತೂತಿನ ಮೇಲೆ ಸೋಪಿನ ಪೊರೆ ಹಿಡಿಸಿ, ಪೊರೆ ಉಬ್ಬಿದ ಇಳಿಜಾರನ್ನು ಅಳೆದು ಉತ್ತರ ತೆಗೆಯುತ್ತಿದ್ದರು. ಗಣಕಯಂತ್ರವಿಲ್ಲದ ಕಾಲದಲ್ಲಿ ಸೋಪಿನ ಪೊರೆಯೇ ಗಣಕಯಂತ್ರ!

ಗ್ರಿಫಿತ್ 1920ರಲ್ಲಿ ರಾಯಲ್ ಸೊಸೈಟಿಯ ಮುಂದಿಟ್ಟು, ಮರುವರ್ಷ ಪ್ರಕಟವಾದ ಪ್ರಬಂಧದಲ್ಲಿ ಹೇಳಿದ ಮಾತು ಸರಳ. ಬಿರುಕಿನ ತುದಿಯಲ್ಲಿ ಪೀಡನ ಎಷ್ಟೆಂದು ಕೇಳಬೇಡಿ; ಬಿರುಕು ಮುಂದುವರಿದರೆ ಜಮಾ ಎಷ್ಟು, ಖರ್ಚು ಎಷ್ಟು ಎಂದು ಕೇಳಿ. ಬಾಗಿದ ಅಥವಾ ಎಳೆದ ವಸ್ತುವಿನಲ್ಲಿ ಶಕ್ತಿ ಅಡಗಿದೆ. ಬಿರುಕು ಬೆಳೆದಾಗ ಸ್ವಲ್ಪ ಶಕ್ತಿ ಬಿಡುಗಡೆಯಾಗುತ್ತದೆ, ಇದು ಜಮಾ. ಹೊಸದಾಗಿ ಎರಡು ಮೈಗಳು ತೆರೆದುಕೊಳ್ಳಬೇಕು, ಅದಕ್ಕೆ ಶಕ್ತಿ ಬೇಕು, ಇದು ಖರ್ಚು. ಖರ್ಚು ಬಿರುಕಿನ ಉದ್ದದಂತೆ ಏರುತ್ತದೆ. ಜಮಾ ಉದ್ದದ ವರ್ಗದಂತೆ ಏರುತ್ತದೆ. ಹಾಗಾಗಿ ಸಣ್ಣ ಬಿರುಕು ಬಡವನಂತೆ ಇದ್ದಲ್ಲೇ ಇರುತ್ತದೆ. ಒಂದು ಮಿತಿ ದಾಟಿತೋ, ಜಮಾ ಖರ್ಚನ್ನು ಮೀರಿ, ಬಿರುಕು ತಾನೇ ತನ್ನನ್ನು ಸಾಕಿಕೊಂಡು ಓಡುತ್ತದೆ.

ಆತ ಪ್ರಯೋಗ ಮಾಡಿದ್ದು ಗಾಜಿನ ಮೇಲೆ. ಮರಕ್ಕೆ ಈ ಖರ್ಚು ಎಷ್ಟು? ದೇವದಾರುವಿನಂತಹ ಮೆದು ಮರಗಳನ್ನು ಎಳೆಯ ಉದ್ದಕ್ಕೆ ಸೀಳಲು ಚದರ ಮೀಟರಿಗೆ 200ರಿಂದ 300 ಜೌಲ್ ಎಂಬುದು ಈಗ ಬಳಕೆಯಲ್ಲಿರುವ ಅಂಕಿ. ಅಂದರೆ ಅಂಗೈಯಗಲದ, 10 ಸೆಂಟಿಮೀಟರು ಉದ್ದ 10 ಸೆಂಟಿಮೀಟರು ಅಗಲದ ಸೀಳಿಗೆ ಬೇಕಾದ ಶಕ್ತಿ ಹೆಚ್ಚೆಂದರೆ 3 ಜೌಲ್. ಒಂದು ಕಿಲೋ ಬೆಲ್ಲದ ಪೊಟ್ಟಣವನ್ನು ನೆಲದಿಂದ ಒಂದಡಿ ಎತ್ತಿದರೆ ಅಷ್ಟೇ ಶಕ್ತಿ ಖರ್ಚಾಗುತ್ತದೆ. ಸೀಳು ಎಷ್ಟು ಅಗ್ಗವೆಂದು ನೋಡಿ.

ಗ್ರಿಫಿತ್‌ನ ಪ್ರಬಂಧ ಬಹುಕಾಲ ಕಪಾಟಿನಲ್ಲೇ ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಅವಸರವಾಗಿ ಬೆಸೆದು ಕಟ್ಟಿದ ಉಕ್ಕಿನ ಹಡಗುಗಳಲ್ಲಿ ಹಲವು ಬಿರುಕು ಬಿಟ್ಟವು. 1943ರ ಜನವರಿಯಲ್ಲಿ ಸ್ಕೆನೆಕ್ಟಡಿ ಎಂಬ ತೈಲದ ಹಡಗು ಧಕ್ಕೆಯ ಪಕ್ಕದಲ್ಲಿ ನಿಶ್ಚಲವಾಗಿ ನಿಂತಿದ್ದಾಗಲೇ ನಡು ಮುರಿದುಕೊಂಡಿತು. ಆಮೇಲೆ ಅಮೆರಿಕದ ನೌಕಾ ಪ್ರಯೋಗಾಲಯದ ಜಾರ್ಜ್ ಇರ್ವಿನ್ ಆ ವಿಚಾರವನ್ನು ಕೈಗೆತ್ತಿಕೊಂಡು, 1950ರ ದಶಕದಲ್ಲಿ ಎಂಜಿನಿಯರುಗಳು ಬಳಸಬಹುದಾದ ರೂಪ ಕೊಟ್ಟರು. 1960ರ ದಶಕದ ಮೊದಲಲ್ಲಿ ಕೆನಡ ಮತ್ತು ಅಮೆರಿಕದ ಸಂಶೋಧಕರು ಅದನ್ನು ಮರಕ್ಕೂ ಅನ್ವಯಿಸಿ ನೋಡಿದರು.

ಇತ್ತ ಮರದ ಎಂಜಿನಿಯರುಗಳು ಬೇರೆಯೇ ದಾರಿ ಹಿಡಿದಿದ್ದರು. ಡೆನ್ಮಾರ್ಕಿನ ಜೊಹಾನ್ಸೆನ್ 1949ರಲ್ಲಿ ಬೋಲ್ಟು ಹಾಕಿದ ಕೀಲಿಗೆ ಒಂದು ಸಿದ್ಧಾಂತ ಕೊಟ್ಟರು. ಭಾರ ಬಿದ್ದಾಗ ಬೋಲ್ಟು ಬಾಗುತ್ತದೆ, ಬೋಲ್ಟಿನಡಿಯ ಮರ ಜಜ್ಜುತ್ತದೆ. ಈ ಎರಡರಿಂದ ಕೀಲಿನ ಬಲವನ್ನು ತೆಗೆಯಬಹುದು. ಅಂದವಾದ ಸಿದ್ಧಾಂತ, ಇಂದಿಗೂ ಯೂರೋಪಿನ ನಿಯಮಗ್ರಂಥಕ್ಕೆ ಅದೇ ಬುನಾದಿ. ಆದರೆ ಅದು ಮರ ಸಾವಧಾನವಾಗಿ ಸೋಲುತ್ತದೆಂದು ನಂಬುತ್ತದೆ. ಜಜ್ಜುವ ಮುನ್ನವೇ ಮರ ಸೀಳಿಬಿಟ್ಟರೆ? ಅದಕ್ಕೆ ಬಡಗಿಯ ಅನುಭವವನ್ನೇ ನಿಯಮವಾಗಿ ಬರೆದರು: ಎಳೆತಕ್ಕೆ ಸಿಕ್ಕುವ ತುದಿಯಿಂದ ಗೂಟ ತನ್ನ ದಪ್ಪದ ಏಳರಷ್ಟಾದರೂ ದೂರವಿರಬೇಕು, 80 ಮಿಲಿಮೀಟರಿಗೆ ಕಡಿಮೆಯಾಗಬಾರದು. ಅಂತರ ಕಾದುಕೊಂಡರೆ ಸೀಳು ಬರದು ಎಂಬ ನಂಬಿಕೆ ಇದರ ಹಿಂದಿದೆ. ಹೆಚ್ಚಿನ ಸಲ ಬರುವುದಿಲ್ಲ.

ಇನ್ನು ಗಣಕಯಂತ್ರ. ಅಮೆರಿಕದ ಬೋಯಿಂಗ್ ಕಾರ್ಖಾನೆಗೆ ಹಿಂಬಾಗಿದ ರೆಕ್ಕೆಗಳ ಗಡಸುತನವನ್ನು ಲೆಕ್ಕ ಹಾಕುವ ತುರ್ತು ಬಂದಿತ್ತು. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು 1956ರಲ್ಲಿ ಒಂದು ದಾರಿ ತೋರಿಸಿದರು: ರೆಕ್ಕೆಯನ್ನು ಮನಸ್ಸಿನಲ್ಲೇ ಸಣ್ಣ ಸಣ್ಣ ತ್ರಿಕೋನಗಳಾಗಿ, ಚೌಕಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಸುಲಭ ಲೆಕ್ಕ ಬರೆದು, ಎಲ್ಲವನ್ನೂ ಮೂಲೆಗಳಲ್ಲಿ ಹೊಲಿದು, ಆಗ ಹುಟ್ಟುವ ಸಮೀಕರಣಗಳ ರಾಶಿಯನ್ನು ಯಂತ್ರಕ್ಕೆ ಒಪ್ಪಿಸುವುದು. ಕ್ಲಫ್ 1960ರಲ್ಲಿ ಇದಕ್ಕೆ ಫೈನೈಟ್ ಎಲಿಮೆಂಟ್ ವಿಧಾನವೆಂದು ಹೆಸರಿಟ್ಟರು. ಕೌದಿಯ ವಿಧಾನವೆಂದು ಕರೆದಿದ್ದರೆ ನಮಗೆ ಇನ್ನೂ ಬೇಗ ಅರ್ಥವಾಗುತ್ತಿತ್ತು.

ರೆಕ್ಕೆಗೆ ಒಪ್ಪಿದ ವಿಧಾನ ಬಿರುಕಿಗೆ ಎದುರಾದಾಗ ಮುಗ್ಗರಿಸಿತು. ಬಿರುಕಿನ ತುದಿಯಲ್ಲಿ ಪೀಡನ ಎಷ್ಟೆಂದು ಯಂತ್ರವನ್ನು ಕೇಳಿದರೆ ಅದೊಂದು ಅಂಕಿ ಹೇಳುತ್ತದೆ. ತುಂಡುಗಳನ್ನು ಅರ್ಧ ಮಾಡಿ ಮತ್ತೆ ಕೇಳಿದರೆ ಇನ್ನೂ ದೊಡ್ಡ ಅಂಕಿ. ಮತ್ತೆ ಅರ್ಧ ಮಾಡಿದರೆ ಮತ್ತೂ ದೊಡ್ಡದು. ಇಂಗ್ಲಿಸರ ಅನಂತವೇ ವೇಷ ಮರೆಸಿಕೊಂಡು ಬಂದು ನಿಂತಿತ್ತು. ಕಾಂಕ್ರೀಟಿನ ಸಂಶೋಧಕರು 1967, 1968ರಿಂದಲೇ ಬಿರುಕನ್ನು ಯಂತ್ರದೊಳಗೆ ತರುವ ಯತ್ನದಲ್ಲಿದ್ದರು. ಆದರೆ ಉತ್ತರ ಬಲೆಯ ಕಣ್ಣಿನ ಅಳತೆಯನ್ನು ಅವಲಂಬಿಸುವ ಕಾಟ ತಪ್ಪಲಿಲ್ಲ.

ಬಿಡುಗಡೆ ಸಿಕ್ಕಿದ್ದು ಸ್ವೀಡನ್ನಿನ ಲುಂಡ್ ನಗರದಲ್ಲಿ. ಅಲ್ಲಿ ಆರ್ನೆ ಹಿಲ್ಲರ್‌ಬೊರ್ಗ್ ಎಂಬ ಪ್ರಾಧ್ಯಾಪಕರು ಇಬ್ಬರು ಸಹೋದ್ಯೋಗಿಗಳೊಡನೆ 1976ರಲ್ಲಿ ಕಾಂಕ್ರೀಟಿಗಾಗಿ ಒಂದು ಕಲ್ಪನೆ ಮುಂದಿಟ್ಟರು. ರಷ್ಯದ ಬರೆನ್‌ಬ್ಲಾಟ್ ಮತ್ತು ಇಂಗ್ಲೆಂಡಿನ ಡಗ್‌ಡೇಲ್ 1960ರ ಆಸುಪಾಸಿನಲ್ಲೇ ಇದರ ಬೀಜ ಬಿತ್ತಿದ್ದರು. ಕಲ್ಪನೆ ಇಷ್ಟು: ಬಿರುಕು ಒಮ್ಮೆಲೇ ಬಿರುಕಾಗುವುದಿಲ್ಲ. ಹಲಸಿನ ಹಣ್ಣನ್ನು ಬಿಡಿಸುವಾಗ ನೋಡಿ, ಎರಡು ಹೋಳುಗಳು ದೂರ ಸರಿದರೂ ನಡುವೆ ಮೇಣದ ಎಳೆಗಳು ಹಿಡಿದುಕೊಂಡೇ ಇರುತ್ತವೆ. ಹೋಳುಗಳು ಅಗಲಿದಂತೆ ಎಳೆಗಳು ಸೋತು ಒಂದೊಂದಾಗಿ ಕಡಿಯುತ್ತವೆ. ಬಿರುಕಿನ ತುದಿಯ ಹಿಂದೆಯೂ ಹೀಗೆಯೇ. ಬಿರುಕಿನ ಎರಡು ಮೈಗಳು ಸ್ವಲ್ಪ ಅಗಲಿದ ಮೇಲೂ ಒಂದನ್ನೊಂದು ಎಳೆಯುತ್ತಿರುತ್ತವೆ. ಆ ಎಳೆತ ಕ್ರಮೇಣ ಸೊನ್ನೆಗಿಳಿಯುತ್ತದೆ. ಒಟ್ಟು ಎಳೆತಕ್ಕೆ ತಗಲುವ ಶಕ್ತಿಯೇ ಗ್ರಿಫಿತ್‌ನ ಖರ್ಚು. ಅನಂತ ಮಾಯವಾಯಿತು. ಬಲ, ಶಕ್ತಿ ಎರಡೂ ಒಂದೇ ಲೆಕ್ಕದಲ್ಲಿ ಕೂತವು.

ಮರದಲ್ಲಿ ಇದು ಬರಿಯ ಕಲ್ಪನೆಯಲ್ಲ. ಸೀಳಿದ ಸೌದೆಯ ನಡುವೆ ಎಳೆಗಳು ಸೇತುವೆ ಕಟ್ಟಿಕೊಂಡು ಹಿಡಿದಿರುವುದನ್ನು ನೀವೇ ಕಂಡಿದ್ದೀರಿ. ಲುಂಡಿನವರೇ ಆದ ಪೆರ್ ಯೋಹಾನ್ ಗುಸ್ತಾಫ್ಸನ್ 1988ರಲ್ಲಿ ಕೆನಡದಲ್ಲಿ ಕೂಡಿದ್ದ ಮರದ ಎಂಜಿನಿಯರುಗಳ ಸಭೆಯಲ್ಲಿ ಕಚ್ಚು ತೆಗೆದ ತೊಲೆಯ ಬಲದ ವಿಚಾರ ಮಂಡಿಸಿದರು. ಗೋಡೆಯ ಮೇಲೆ ಕೂರಿಸಲು ತೊಲೆಯ ತುದಿಯ ಕೆಳಭಾಗವನ್ನು ಕತ್ತರಿಸುತ್ತಾರಲ್ಲ, ಆ ಕಚ್ಚು. ಅದರ ಒಳಮೂಲೆಯಿಂದ ಸೀಳು ಹುಟ್ಟಿ ಎಳೆಯ ಜಾಡಿನಲ್ಲಿ ಓಡುತ್ತದೆ. ಗುಸ್ತಾಫ್ಸನ್ನರ ಸೂತ್ರ ಶಕ್ತಿಯ ಜಮಾಖರ್ಚಿನಿಂದಲೇ ಹುಟ್ಟಿದ್ದು. ಯೂರೋಪಿನ ಮರದ ನಿಯಮಗ್ರಂಥದಲ್ಲಿ ಕಚ್ಚಿನ ತೊಲೆಯ ನಿಯಮಕ್ಕೆ ಅದೇ ಆಧಾರ.

ಆ ಸೂತ್ರದೊಳಗೆ ವೆನಿಸ್ಸಿನ ಕುಶಲಕರ್ಮಿಗಳ ಸಂಶಯಕ್ಕೆ ಒಂದು ಉತ್ತರವಿದೆ. ಕಚ್ಚಿನ ತೊಲೆಯೊಂದನ್ನು ಎಲ್ಲ ಕಡೆಯೂ ಎರಡರಷ್ಟು ಮಾಡಿ. ಹಳೆಯ ಲೆಕ್ಕದಂತೆ ಅದು ನಾಲ್ಕರಷ್ಟು ಭಾರ ಹೊರಬೇಕು. ಸೀಳಿನ ಲೆಕ್ಕದಂತೆ ಹೊರುವುದು ಸುಮಾರು 2.8ರಷ್ಟು. ದೊಡ್ಡ ತೊಲೆಯಲ್ಲಿ ಅಡಗಿರುವ ಶಕ್ತಿ ಗಾತ್ರದ ಜೊತೆ ಬೆಳೆಯುತ್ತದೆ, ಸೀಳಿನ ಖರ್ಚು ಮೈಯ ಹರವಿನ ಜೊತೆ ಮಾತ್ರ ಬೆಳೆಯುತ್ತದೆ. ತೊಲೆ ದೊಡ್ಡದಾದಷ್ಟೂ ಸೀಳಿಗೆ ಬಂಡವಾಳ ಹೆಚ್ಚು. ಗೆಲಿಲಿಯೋ ತನ್ನ ಉತ್ತರದಲ್ಲಿ ಸ್ವಂತ ಭಾರವನ್ನು ಕಂಡಿದ್ದ. ಈ ಎರಡನೆಯ ಕಾರಣವನ್ನು ಕಾಣಲು ಅವನಿಗೆ ಸಾಧನವಿರಲಿಲ್ಲ.

1990ರ ದಶಕದಿಂದೀಚೆಗೆ ವೇಗ ಹೆಚ್ಚಿತು. 1999ರಲ್ಲಿ ಅಮೆರಿಕದ ಬೆಲಿಚ್ಕೊ ಮತ್ತು ಸಂಗಡಿಗರು ಬಲೆಯನ್ನು ಮತ್ತೆ ಹೆಣೆಯದೆಯೇ ಬಿರುಕು ಅದರ ಕಣ್ಣುಗಳನ್ನು ಕತ್ತರಿಸಿಕೊಂಡು ಸಾಗುವ ಉಪಾಯ ಕಂಡುಹಿಡಿದರು. ಬೇರೆ ಕೆಲವರು ಮರವನ್ನು ತುಂಡುಗಳ ಬದಲು ಸಣ್ಣ ಸಣ್ಣ ಕಡ್ಡಿಗಳ ಜಾಲರಿಯಾಗಿ ನೋಡಿ, ಕಡ್ಡಿ ಒಂದೊಂದಾಗಿ ಮುರಿಯುವುದನ್ನು ಯಂತ್ರದ ಪರದೆಯ ಮೇಲೆ ತೋರಿಸಿದರು. ಇವುಗಳ ವಿವರಕ್ಕೆ ಇಲ್ಲಿ ಜಾಗವಿಲ್ಲ. ಎಲ್ಲಕ್ಕೂ ಒಂದೇ ತೊಡಕೆಂದು ಹೇಳಿದರೆ ಸಾಕು. ಮರದಲ್ಲಿ ಗಂಟಿದೆ, ಗಂಟಿನ ಸುತ್ತ ಎಳೆ ಸುಳಿಯುತ್ತದೆ, ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುತ್ತದೆ. ಒಂದೇ ಮರದ ಎರಡು ಹಲಗೆಗಳು ಅಣ್ಣತಮ್ಮಂದಿರಷ್ಟೇ ಬೇರೆ. ಯಂತ್ರಕ್ಕೆ ಯಾರಾದರೂ ಇದನ್ನೆಲ್ಲ ಹೇಳಬೇಕು.

ಯಾರೂ ಹೇಳದಿದ್ದಾಗ ಏನಾಗುತ್ತದೆ? ಜರ್ಮನಿಯ ಬಾಡ್ ರೈಖೆನ್‌ಹಾಲ್ ಊರಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಾಡುವ ಒಂದು ಸಭಾಂಗಣವಿತ್ತು. 1970ರ ದಶಕದ ಮೊದಲಲ್ಲಿ ಕಟ್ಟಿದ್ದು. 2006ರ ಜನವರಿ 2ರಂದು, ಮಧ್ಯಾಹ್ನ ನಾಲ್ಕಕ್ಕೆ ಸ್ವಲ್ಪ ಮುಂಚೆ, ಹಿಮದ ಹೊರೆ ಹೊತ್ತಿದ್ದ ಅದರ ಚಾವಣಿ ಕುಸಿದು 15 ಮಂದಿ ಸತ್ತರು. ಅವರಲ್ಲಿ 12 ಮಂದಿ ಮಕ್ಕಳು ಮತ್ತು ಎಳೆಯರು. ಚಾವಣಿಯ ಮರದ ಪೆಟ್ಟಿಗೆ ತೊಲೆಗಳನ್ನು ತೇವಕ್ಕೆ ತಡೆಯದ ಯೂರಿಯ ಅಂಟಿನಿಂದ ಕೂಡಿಸಿದ್ದರು. ಆ ಬಗೆಯ ತೊಲೆಗೆ ಪರವಾನಗಿಯಿದ್ದ ಎತ್ತರ 1.20 ಮೀಟರು, ಅಲ್ಲಿ ಹಾಕಿದ್ದು 2.87 ಮೀಟರು. ದೊಡ್ಡದು ಸಣ್ಣದರ ಹಾಗೆಯೇ ಎಂದು ಯಾರೋ ನಂಬಿದ್ದರು.

ಅದಕ್ಕೆ ಮೂರು ವರ್ಷ ಮುಂಚೆ, 2003ರ ಜನವರಿ 3ರಂದು, ಡೆನ್ಮಾರ್ಕಿನ ಬಾಲೆರುಪ್‌ನಲ್ಲಿ ಆಗತಾನೆ ಕಟ್ಟಿದ್ದ ಸೈಕಲ್ ಪಂದ್ಯದ ಅಂಗಣದ 12 ದೊಡ್ಡ ಮರದ ಚೌಕಟ್ಟುಗಳಲ್ಲಿ ಎರಡು ಕಳಚಿ ಬಿದ್ದವು. ಹೇಳಿಕೊಳ್ಳುವಂತಹ ಗಾಳಿಯಿಲ್ಲ, ಹಿಮವಿಲ್ಲ. ತುದಿಯ ಕೀಲಿನ ಲೆಕ್ಕದಲ್ಲಿ, ಬೋಲ್ಟಿನ ತೂತುಗಳು ಮರವನ್ನು ತಿಂದುಹಾಕಿದ ಪಾಲನ್ನು ಕಳೆಯಲು ಮರೆತಿದ್ದರು. ಅದೂ ಗಣಕಯಂತ್ರಗಳು ಪ್ರತಿ ಮೇಜಿನ ಮೇಲಿದ್ದ ಕಾಲದಲ್ಲಿ.

ಇನ್ನೊಂದು ನಾರ್ವೆಯದು. ಟ್ರೆಟ್ಟನ್ ಎಂಬಲ್ಲಿ ನದಿಗೆ ಅಡ್ಡಲಾಗಿ 2012ರಲ್ಲಿ ತೆರೆದ ಮರದ ಸೇತುವೆ ಹತ್ತೇ ವರ್ಷಕ್ಕೆ, 2022ರ ಆಗಸ್ಟ್ 15ರ ಬೆಳಗ್ಗೆ, ಒಂದು ಲಾರಿಯನ್ನೂ ಒಂದು ಕಾರನ್ನೂ ಹೊತ್ತುಕೊಂಡು ಕುಸಿಯಿತು. ಚಾಲಕರಿಬ್ಬರೂ ಬದುಕಿದ್ದು ಅದೃಷ್ಟ. ತನಿಖೆಯಲ್ಲಿ ಕಂಡುಬಂದದ್ದು, ಓರೆಯಾಗಿ ನಿಂತ ಒಂದು ಮರದ ಕೀಲಿನಲ್ಲಿ ಉಕ್ಕಿನ ಗೂಟಗಳ ಗುಂಪು, ತಾನು ಹಿಡಿದಿದ್ದ ಮರದ ತುಂಡನ್ನು ಇಡಿಯಾಗಿ ಕಿತ್ತುಕೊಂಡು ಹೊರಬಂದಿತ್ತು. ಗೂಟ ಬಾಗಲಿಲ್ಲ, ಮರ ಜಜ್ಜಲಿಲ್ಲ. ಜೊಹಾನ್ಸೆನ್ನರ ಲೆಕ್ಕಕ್ಕೆ ಸಿಗದ ಸೋಲು ಇದು. ಇಂತಹ ಸೋಲಿಗೆ ಯೂರೋಪಿನ ನಿಯಮಗ್ರಂಥ ಸೂತ್ರ ಕೊಟ್ಟಿರುವುದೇನೋ ನಿಜ. ಆದರೆ ಅದನ್ನು ಹಾಕಿದ್ದು ಒಂದು ಅನುಬಂಧದಲ್ಲಿ, ಮಾಹಿತಿಗಾಗಿ ಎಂಬ ತಲೆಬರಹದ ಕೆಳಗೆ. ಕುಸಿತದ ನಂತರ ನಾರ್ವೆ ಅದೇ ಬಗೆಯ ಹಲವು ಸೇತುವೆಗಳನ್ನು ಮುಚ್ಚಿ ಪರೀಕ್ಷಿಸಬೇಕಾಯಿತು.

ಈಗ ಸಂಶೋಧಕರು ಇಂತಹ ಗೂಟಗಳ ಗುಂಪನ್ನೇ ಯಂತ್ರದೊಳಗೆ ಕಟ್ಟಿ, ಯಾವ ಸಾಲಿನಿಂದ ಸೀಳು ಹೊರಡುತ್ತದೆಂದು ನೋಡುತ್ತಾರೆ. ನಂತರ ನಿಜವಾದ ಕೀಲನ್ನು ಪ್ರಯೋಗಶಾಲೆಯಲ್ಲಿ ಎಳೆದು ಹರಿದು ತಾಳೆ ಹಾಕುತ್ತಾರೆ. ಸೀಳು ಹುಟ್ಟುವ ಜಾಗ ಗೊತ್ತಾದ ಮೇಲೆ ಅಲ್ಲಿ ಎಳೆಗೆ ಅಡ್ಡವಾಗಿ ಮೊಳದುದ್ದದ ಉಕ್ಕಿನ ತಿರುಪುಗಳನ್ನು ಹೊಗಿಸಿ ಮರವನ್ನು ಬಿಗಿಯುವುದು ಯೂರೋಪಿನಲ್ಲಿ ವಾಡಿಕೆಯಾಗಿದೆ. ತಿರುಪು ಸೀಳನ್ನು ಹುಟ್ಟದಂತೆ ಮಾಡಲಾರದು. ಹುಟ್ಟಿದ ಸೀಳು ಅಗಲವಾಗದಂತೆ ಹಿಡಿದಿಡುತ್ತದೆ. ಒನಕೆಯ ಅಣಸು ಮಾಡುತ್ತಿದ್ದುದೂ ಅಷ್ಟೇ ತಾನೆ? ಅಣಸು ಹೊರಗಿತ್ತು, ತಿರುಪು ಒಳಗಿದೆ. ಅದನ್ನು ಎಲ್ಲಿ, ಎಷ್ಟು ಎಂದು ಹೇಳಲು ಈಗ ಯಂತ್ರವೊಂದಿದೆ.